ಭಾನುವಾರದ ಓದು: ರಾಲ್ಸ್, ನೋಜಿಕ್, ಸ್ಯಾಂಡೆಲ್

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6 ಗಂಟೆಗೆ ಗೂಗಲ್ ಮೀಟ್‌ನಲ್ಲಿ ಸೇರೋಣ. ಹಾರ್ವರ್ಡ್‌ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಈ ಮೂವರು ರಾಜಕೀಯ ತತ್ತ್ವಚಿಂತಕರಾದ ಜಾನ್ ರಾಲ್ಸ್, ರಾಬರ್ಟ್ ನೋಜಿಕ್, ಮೈಕೆಲ್ ಸ್ಯಾಂಡೆಲ್ ಬಗ್ಗೆ ಚರ್ಚೆ. ಹೊಸಬರೂ ಧಾರಾಳವಾಗಿ ಬರಬಹುದು.

ರಾಲ್ಸ್ 1971ರಲ್ಲಿ ನ್ಯಾಯದ ಸಿದ್ಧಾಂತ ಮಂಡಿಸಿದರು. ಅದೇ ತತ್ತ್ವಶಾಸ್ತ್ರ ವಿಭಾಗದ ನೋಜಿಕ್ 1974ರಲ್ಲಿ ಅದಕ್ಕೆ ಎದುರುವಾದ ಹೂಡಿದರು. ಇನ್ನು ಮುಂದೆ ರಾಜಕೀಯ ಚಿಂತಕರು ರಾಲ್ಸ್ ಚೌಕಟ್ಟಿನೊಳಗೇ ಕೆಲಸ ಮಾಡಬೇಕು, ಇಲ್ಲವೇ ಏಕೆ ಮಾಡುವುದಿಲ್ಲ ಎಂದು ವಿವರಿಸಬೇಕು ಎಂದವರೂ ನೋಜಿಕ್ ಅವರೇ. ವಾದ ಮಾಡುವುದಾದರೆ ಹೀಗೆ ಮಾಡಬೇಕು ಎಂದು ನನಗೆ ಅನಿಸುತ್ತದೆ.

ಬರುವ ಮೊದಲು ರಾಲ್ಸ್‌ ಅವರ ‘ಅಜ್ಞಾನದ ಪರದೆ’ಯ ಭಾಗ ಓದಿರಿ. ಹುಟ್ಟುವ ಮನೆ, ಆಸ್ತಿ, ಸಾಮರ್ಥ್ಯ ಯಾವುದೂ ತಿಳಿಯದೆ ಸಮಾಜದ ನಿಯಮಗಳನ್ನು ಆರಿಸುವ ಕಲ್ಪನೆ ಅದು. ನಂತರ ನೋಜಿಕ್‌ ಅವರ ಬ್ಯಾಸ್ಕೆಟ್‌ಬಾಲ್ ಆಟಗಾರನ ಉದಾಹರಣೆ: ಪ್ರೇಕ್ಷಕರು ಪ್ರತಿ ಟಿಕೆಟ್‌ಗೆ 25 ಸೆಂಟ್‌ನಂತೆ ಸ್ವಇಚ್ಛೆಯಿಂದ ಕೊಟ್ಟರೆ, ಅವನು ಗಳಿಸುವ ಸಂಪತ್ತು ಅನ್ಯಾಯವೇ? ಸಮಯವಿದ್ದರೆ ಸ್ಯಾಂಡೆಲ್ ಅವರ ‘ಜಸ್ಟಿಸ್’ ತರಗತಿಯ ಮೊದಲ ಉಪನ್ಯಾಸವನ್ನೂ ನೋಡಿರಿ, ಯೂಟ್ಯೂಬ್‌ನಲ್ಲಿ ಉಚಿತವಾಗಿದೆ.

ನೋಜಿಕ್ ಪರವಾಗಿ ಹತ್ತು ನಿಮಿಷ ಮಾತನಾಡಲು ಒಬ್ಬರು ಬೇಕು. ಒಪ್ಪದವರೇ ಮುಂದೆ ಬಂದರೆ ಇನ್ನೂ ಒಳ್ಳೆಯದು. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲಿಯೇ ಹೆಸರು ಬರೆಯಿರಿ. ಲಿಂಕ್ ಭಾನುವಾರ ಬೆಳಿಗ್ಗೆ ಹಾಕುತ್ತೇನೆ.