ಭಾನುವಾರ ಫಸ್ಟ್ ಶೋ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಫಸ್ಟ್ ಶೋಗೆ ಹೋಗೋಣ. ಬಾಲ್ಕನಿ ಬೇಡ, ಕೆಳಗೇ ಕೂರೋಣ. ಶಿಳ್ಳೆ ಹೊಡೆಯುವವರು ಇರುವುದು ಅಲ್ಲೇ ಅಲ್ವಾ! ಮನೆಯಲ್ಲಿ ಮೊಬೈಲ್ ಹಿಡಿದು ನೋಡಿದರೆ ಒಬ್ಬರೇ ನಗಬೇಕು. ಇಲ್ಲಿ ಹಿಂದಿನ ಸಾಲಿನವರ ನಗು ಕೇಳಿಯೇ ಇನ್ನೊಮ್ಮೆ ನಗು ಬರುತ್ತದೆ. 1972ರಲ್ಲಿ ‘ನಾಗರಹಾವು’ ಬಂದಾಗ ನಮ್ಮ ದುರ್ಗದ ಕೋಟೆಯನ್ನೇ ಪರದೆ ಮೇಲೆ ನೋಡಿದ್ದನ್ನು ನಮ್ಮ ದೊಡ್ಡಮ್ಮ ಇವತ್ತಿಗೂ ಹೇಳುತ್ತಾರೆ. ದಿನಾ ಕಾಣುವ ಬಂಡೆ, ಅಷ್ಟು ದೊಡ್ಡದಾಗಿ!

ಬರುವವರು ಶನಿವಾರ ರಾತ್ರಿಯೊಳಗೆ ಹೆಸರು ಹಾಕಿ. ಅರ್ಧ ಗಂಟೆ ಮೊದಲೇ ಗೇಟಿನ ಹತ್ತಿರ ಇರಿ. ಹೋದ ಸಲದ ಹಾಗೆ ಟೈಟಲ್ ಮುಗಿದ ಮೇಲೆ ಬಂದರೆ ಸೀಟು ಹಿಡಿದಿಡುವುದಿಲ್ಲ. ಇಂಟರ್ವಲ್‌ನಲ್ಲಿ ಮಂಡಕ್ಕಿ, ಮಿರ್ಚಿ ನನ್ನ ಖರ್ಚು. ಟಿಕೆಟ್ ಮಾತ್ರ ಅವರವರದ್ದೇ.