ಅಪ್ಪನ ಬಿಪಿ, ಅಮ್ಮನ ಸಕ್ಕರೆ

ಚಿ. ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸಾಗರದ ಮನೆಗೆ ನೀನು ಕಳುಹಿಸಿದ ಬಿಪಿ ಯಂತ್ರವನ್ನೂ ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರನ್ನೂ ಮೊನ್ನೆ ಹೋದಾಗ ನೋಡಿದೆ. ಒಳ್ಳೆಯ ಕೆಲಸ ಮಾಡಿದ್ದೀಯ. ಆದರೆ ಅದು ತೋರಿಸುವ ಅಂಕಿಯನ್ನು ಯಾರು ನೋಡಬೇಕು, ನೋಡಿ ಏನು ಮಾಡಬೇಕು ಎಂಬುದು ಆ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ನರ್ಸ್ ಆಗಿದ್ದವಳು ನಾನು, ಸುಮ್ಮನಿರಲಾರದೆ ಬರೆಯುತ್ತಿದ್ದೇನೆ.

ನಿನ್ನ ಅಪ್ಪ ತೋಟದಿಂದ ಬಂದು, ಕಾಫಿ ಕುಡಿದು, ಜಗಲಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿಕೊಳ್ಳುತ್ತಾರೆ. ಪಟ್ಟಿ ಉಬ್ಬುವಾಗಲೂ ಅಡಿಕೆ ಧಾರಣೆಯ ಮಾತು ನಿಲ್ಲುವುದಿಲ್ಲ. ಹೀಗೆ ನೋಡಿದರೆ ಬಿಪಿ ಹೆಚ್ಚೇ ಬರುತ್ತದೆ. ಆ ಅಂಕಿ ಯಂತ್ರದಿಂದ ನಿನ್ನ ಮೊಬೈಲಿಗೆ ಬಂದು, ನೀನು ಗಾಬರಿಯಿಂದ ಫೋನ್ ಮಾಡಿದರೆ ಅವರಿಗೂ ಗಾಬರಿ.

ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಲಿ. ಮೂತ್ರಕ್ಕೆ ಹೋಗಿ ಬಂದು, ಒರಗುವ ಕುರ್ಚಿಯಲ್ಲಿ ಎರಡೂ ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂರಲಿ. ಬರಿದೋಳಿಗೆ ಪಟ್ಟಿ ಕಟ್ಟಿ, ಅದು ಎದೆಯ ಮಟ್ಟಕ್ಕೆ ಬರುವಂತೆ ಕೈಯನ್ನು ಮೇಜಿನ ಮೇಲೆ ಇಡಬೇಕು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಬೇಕು. ಬೆಳಗ್ಗೆ ಮಾತ್ರೆಗೆ ಮುಂಚೆ ಒಂದು ಸಲ, ಸಂಜೆ ಒಂದು ಸಲ ಸಾಕು. ಅವರ ತೋಳಿಗೆ ಈ ಪಟ್ಟಿ ಬಿಗಿ, ಚಿಕ್ಕ ಪಟ್ಟಿಯೂ ಅಂಕಿಯನ್ನು ಏರಿಸುತ್ತದೆ; ದೊಡ್ಡದೊಂದು ತರಿಸು. ವಾರದ ಸರಾಸರಿ 135/85 ದಾಟಿದರೆ ವೈದ್ಯರಿಗೆ ತೋರಿಸಿ. ಒಂದು ದಿನದ ಅಂಕಿ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುವುದು ಖಂಡಿತ ಬೇಡ. 180/120 ದಾಟಿ ಎದೆನೋವು, ಉಸಿರಾಟಕ್ಕೆ ಕಷ್ಟ, ಮಾತು ತೊದಲುವುದು ಯಾವುದಾದರೂ ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಅಮ್ಮನದು ಇನ್ಸುಲಿನ್, ಅಲ್ಲಿ ನನಗೆ ಹೆಚ್ಚು ಚಿಂತೆ. ಹಲಸಿನ ತೊಳೆ ಬಿಡಿಸಿದ ಕೈಯಲ್ಲೇ ಬೆರಳು ಚುಚ್ಚಿಕೊಂಡರೆ ಇಲ್ಲದ ಸಕ್ಕರೆಯನ್ನೂ ಯಂತ್ರ ತೋರಿಸೀತು. ಸೋಪು ಹಾಕಿ ತೊಳೆದು ಒರೆಸಿಕೊಂಡೇ ಚುಚ್ಚಬೇಕು. ರಕ್ತದ ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಎಚ್ಚರವಾಗಿರುವಾಗಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದ ನಂತರ ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬಾರದು. ಅಪ್ಪ ತೋಟದಲ್ಲಿರುವಾಗ ಹೀಗಾದರೆ ಬೆಂಗಳೂರಿನಲ್ಲಿರುವ ನಿನ್ನ ಫೋನಿಗೆ ಎಚ್ಚರಿಕೆ ಬಂದು ಏನು ಪ್ರಯೋಜನ? ಪಕ್ಕದ ಮನೆಯವರಿಗೆ ಇದನ್ನು ನೀನೇ ಹೇಳಿಕೊಡು, ಅವರ ಸಂಖ್ಯೆಯನ್ನು ಮೊದಲ ಸಾಲಿನಲ್ಲಿ ಇಟ್ಟುಕೋ. ಅಂಕಿ ಬರೆದಿಡಲು ಅಮ್ಮನಿಗೆ ಒಂದು ನೋಟ್‌ಬುಕ್ಕನ್ನೂ ಕೊಡು. ಮಳೆಗಾಲದಲ್ಲಿ ಅಲ್ಲಿ ವಿದ್ಯುತ್ತೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ.

ಸಣ್ಣಪುಟ್ಟ ಸಂದೇಹಕ್ಕೆ ಸರ್ಕಾರದ ಇ-ಸಂಜೀವನಿಯಲ್ಲಿ ಮನೆಯಿಂದಲೇ ವಿಡಿಯೊ ಕರೆಯ ಮೂಲಕ ವೈದ್ಯರನ್ನು ಉಚಿತವಾಗಿ ಕಾಣಬಹುದು. ರಜೆಗೆ ಬಂದಾಗ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಮಾಡಿ ತೋರಿಸು. ಅಪ್ಪ ಈಚೆಗೆ ರಾತ್ರಿ ನಿದ್ದೆ ಮಾಡುವುದಿಲ್ಲವಂತೆ, ಯಾರೊಂದಿಗೂ ಬಾಯಿ ಬಿಡುವುದಿಲ್ಲವಂತೆ. ಅದನ್ನು ಯಾವ ಯಂತ್ರವೂ ನಿನಗೆ ಹೇಳಿರಲಾರದು. 14416 ಮನಸ್ಸಿನ ಆರೋಗ್ಯಕ್ಕಾಗಿ ಇರುವ ಟೆಲಿಮಾನಸ್ ಸಹಾಯವಾಣಿ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಅದಕ್ಕೂ ಮೊದಲು ನೀನು ಮಾತನಾಡು. ಫೋನ್ ಎತ್ತಿದೊಡನೆ ‘ಬಿಪಿ ಎಷ್ಟು?’ ಎಂದು ಕೇಳಬೇಡ, ಊಟಕ್ಕೆ ಏನಿತ್ತು ಎಂದು ಕೇಳು.

ನಡುಮನೆಗೆ ಕ್ಯಾಮೆರಾ ಹಾಕಿಸುವ ಯೋಚನೆ ಇದೆ ಎಂದೆಯಲ್ಲ, ಅಮ್ಮನನ್ನು ಕೇಳದೆ ಹಾಕಿಸಬೇಡ. ಮಧ್ಯಾಹ್ನ ಸೆರಗು ಹಾಸಿ ಮಲಗುವ ಜಾಗ ಅವಳಿಗೆ ಅದು. ಬೇಡ ಎಂದರೆ ಅಲ್ಲಿಗೆ ಬಿಡು. ಬಚ್ಚಲುಮನೆಯ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸು, ಅದು ಈ ವಾರವೇ ಆಗಲಿ.

ಇಂತಿ,
ನಿನ್ನ ದೊಡ್ಡಮ್ಮ