ಬೇಸಿಗೆ ಶಿಬಿರದ ಮಾರ್ಗದರ್ಶಕರ ಗಮನಕ್ಕೆ

ಆತ್ಮೀಯರೇ,

ಸೋಮವಾರ ತುಮಕೂರಿನಲ್ಲಿ ಆರಂಭವಾಗುವ ಬಾಲಕರ ಬೇಸಿಗೆ ಶಿಬಿರದಲ್ಲಿ ತಲಾ 8 ಹುಡುಗರ ಹೊಣೆ ನಮ್ಮದು. ಹಗಲಿನ ಆಟಪಾಠಗಳಿಗಿಂತ ಮೊದಲ ಎರಡು ರಾತ್ರಿಗಳೇ ಈ ಕೆಲಸದ ಕಠಿಣ ಭಾಗವೆಂಬುದು ನನ್ನ ಅನುಭವ. ಕಳೆದ ವರ್ಷ ಒಬ್ಬ ಹುಡುಗ, ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆ ಡಬ್ಬಿಯನ್ನು ತೆರೆಯದೆಯೇ ಎದೆಗವಚಿಕೊಂಡು, ಮುಸುಕಿನೊಳಗೆ ಸದ್ದಿಲ್ಲದೆ ಅಳುತ್ತಿದ್ದುದನ್ನು ನಾನು ಬಹಳ ತಡವಾಗಿ ಗಮನಿಸಿದೆ. ಆ ನೋವು ನನಗಿನ್ನೂ ಇದೆ. ಅಂಥವನನ್ನು ಎಲ್ಲರೆದುರು ಸಮಾಧಾನಪಡಿಸಲು ಹೋಗದೆ, ಹತ್ತಿರ ಕುಳಿತು ಊರಿನ ಸುದ್ದಿ ಕೇಳಿ, ಬೆಳಿಗ್ಗೆ ತಟ್ಟೆ ಹಂಚುವಂತಹ ಒಂದು ಕೆಲಸವನ್ನು ಅವನಿಗೇ ವಹಿಸಿ.

ಮುಚ್ಚಿದ ಕೋಣೆಯಲ್ಲಿ ಯಾವ ಹುಡುಗನೊಂದಿಗೂ ಒಬ್ಬರೇ ಇರಬಾರದು. ಯಾರಾದರೂ ಲೈಂಗಿಕ ದೌರ್ಜನ್ಯದ ವಿಷಯ ಹೇಳಿಕೊಂಡರೆ ಗುಟ್ಟಾಗಿಡುವ ಮಾತು ಕೊಡಬೇಡಿ; 2012ರ ಪೋಕ್ಸೊ ಕಾಯ್ದೆಯಂತೆ ಅದನ್ನು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಮಕ್ಕಳ ಸಹಾಯವಾಣಿ 1098 ಎಲ್ಲರ ಫೋನಿನಲ್ಲಿರಲಿ.

ದೇವರಾಯನದುರ್ಗಕ್ಕೆ ಹೋಗುವ ದಿನ ಕೋತಿಗಳ ಕಾಟವಿರುವುದರಿಂದ ತಿಂಡಿ ಪೊಟ್ಟಣಗಳನ್ನು ಹುಡುಗರ ಕೈಗೆ ಕೊಡದೆ ಚೀಲದಲ್ಲೇ ಇಟ್ಟುಕೊಳ್ಳಿ. ಕೆಳಗಿನ ಭೋಗಾನರಸಿಂಹ ದೇವಸ್ಥಾನದಲ್ಲಿ, ಮೇಲಿನ ಯೋಗಾನರಸಿಂಹ ದೇವಸ್ಥಾನದಲ್ಲಿ ಮತ್ತು ನಾಮದ ಚಿಲುಮೆಯಲ್ಲಿ, ಹೀಗೆ ಮೂರು ಕಡೆಯೂ ಹೆಸರು ಕೂಗಿ ತಲೆ ಎಣಿಸಿದ ಬಳಿಕವೇ ಮುಂದೆ ಹೊರಡಬೇಕೆಂದು ಕೋರುತ್ತೇನೆ.